ಕಾಲ ಕೆಟ್ಟಿಲ್ಲ, ನಾವು ಕೈಕಟ್ಟಿ ಕುಳಿತಿದ್ದೇವೆ

2023ರ ಆಗಸ್ಟ್ ತಿಂಗಳ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಜನರು ನಲ್ಲಿಯ ನೀರು ಕುಡಿದು ಆಸ್ಪತ್ರೆ ಸೇರಿದರು. ವಾಂತಿ ಭೇದಿಯಿಂದ ಬಳಲಿದವರ ಸಂಖ್ಯೆ ನೂರನ್ನು ದಾಟಿತು. ಕೆಲವರು ಮರಳಿ ಮನೆಗೆ ಬರಲೇ ಇಲ್ಲ. ಅದು ಹೆಚ್ಚಾಗಿ ದಲಿತ ಕುಟುಂಬಗಳು ವಾಸಿಸುವ ಬಡಾವಣೆ. ಅನಂತರ ನಡೆದದ್ದೆಲ್ಲ ನಮಗೆ ರೂಢಿಯಾದದ್ದೇ. ಅಧಿಕಾರಿಗಳ ಅಮಾನತು, ಪರಿಹಾರದ ಘೋಷಣೆ, ನಾಯಕರ ಭೇಟಿ, ಕೆಲವು ದಿನಗಳ ಸುದ್ದಿ, ಬಳಿಕ ಮೌನ.

ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ, ಅದೇ ನಗರದ ಒಂದು ಮನೆಯೊಳಗೆ ಐವರ ಅಸ್ಥಿಪಂಜರಗಳು ಪತ್ತೆಯಾದವು. ಒಂದು ಕುಟುಂಬವು ತನ್ನ ಮನೆಯಲ್ಲೇ ಅಳಿದುಹೋಗಿ ವರ್ಷಗಳೇ ಕಳೆದಿದ್ದವು. 2019ರಿಂದೀಚೆಗೆ ಅವರನ್ನು ಕಂಡವರಿರಲಿಲ್ಲ. ಆ ಮನೆಯಿದ್ದದ್ದು ಕಾಡಿನಲ್ಲಲ್ಲ. ಜಿಲ್ಲಾ ಕೇಂದ್ರದಲ್ಲಿ, ಜನರು ನಿತ್ಯ ಓಡಾಡುವ ದಾರಿಯಲ್ಲಿ. ಆ ಬಾಗಿಲ ಮುಂದೆ ಹಬ್ಬಗಳು ಬಂದು ಹೋದವು, ಚುನಾವಣೆಗಳು ಬಂದು ಹೋದವು, ಕೊರೋನಾ ಬಂದು ಹೋಯಿತು. ಬಾಗಿಲು ತಟ್ಟಿ, ಒಳಗಿರುವವರು ಹೇಗಿದ್ದಾರೆಂದು ಪಟ್ಟು ಹಿಡಿದು ವಿಚಾರಿಸಿದ ಒಬ್ಬನೂ ಇರಲಿಲ್ಲ.

ಮೊದಲ ಘಟನೆಯನ್ನು ನಾವು ಆಡಳಿತದ ವೈಫಲ್ಯವೆಂದು ಕರೆದು ಕೈತೊಳೆದುಕೊಂಡೆವು. ಅದು ಆಡಳಿತದ ವೈಫಲ್ಯವೇ ಸರಿ. ಆದರೆ ಎರಡನೆಯದಕ್ಕೆ ಯಾವ ಇಲಾಖೆಯನ್ನು ಹೊಣೆ ಮಾಡೋಣ? ಯಾರನ್ನು ಅಮಾನತು ಮಾಡೋಣ?

ಈ ಪ್ರಶ್ನೆಯನ್ನು ನಾನು ಗೆಳೆಯರ ಮುಂದೆ ಇಟ್ಟಾಗಲೆಲ್ಲ ಒಂದೇ ಉತ್ತರ ಬರುತ್ತದೆ: "ಏನು ಮಾಡುವುದು, ಕಾಲ ಕೆಟ್ಟಿದೆ." ಮಸೀದಿಯ ಹೊರಗಿನ ಕಟ್ಟೆಯಲ್ಲಿ, ಚಹಾದಂಗಡಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ನಾವು ಅತಿ ಹೆಚ್ಚು ಬಳಸುವ ವಾಕ್ಯ ಬಹುಶಃ ಇದೇ. ಇದು ಮುಗ್ಧ ಮಾತಲ್ಲ. ಕೆಡುಕು ಮಾಡಿದವನನ್ನೂ, ಅದನ್ನು ನೋಡಿ ಸುಮ್ಮನಿದ್ದವನನ್ನೂ ಒಟ್ಟಿಗೇ ಬಿಡುಗಡೆಗೊಳಿಸುವ ಮಾತಿದು. ಆರೋಪಿಯ ಸ್ಥಾನದಲ್ಲಿ ಕಾಲವನ್ನು ನಿಲ್ಲಿಸಿದರೆ ಮನುಷ್ಯರೆಲ್ಲರೂ ನಿರ್ದೋಷಿಗಳಾಗುತ್ತಾರೆ. ಪ್ರವಾದಿ ಮುಹಮ್ಮದ್(ಸ)ರು ಕಾಲವನ್ನು ದೂಷಿಸಬಾರದೆಂದು ಏಕೆ ತಾಕೀತು ಮಾಡಿದರೆಂಬುದನ್ನು ಇಲ್ಲಿಂದಲೂ ಅರ್ಥಮಾಡಿಕೊಳ್ಳಬಹುದು. ಹಗಲು ರಾತ್ರಿಗಳನ್ನು ತಿರುಗಿಸುವವನು ಅಲ್ಲಾಹನು. ಆ ಹಗಲು ರಾತ್ರಿಗಳಲ್ಲಿ ನಡೆಯುವ ಅನ್ಯಾಯ ನಮ್ಮ ಕೈಗಳದು. ಕುರ್‌ಆನ್ ಅಸ್ರ್ ಅಧ್ಯಾಯದಲ್ಲಿ ಕಾಲದ ಮೇಲೆ ಆಣೆ ಹಾಕುತ್ತದೆ. ಅಲ್ಲಿ ನಷ್ಟದಲ್ಲಿರುವುದು ಮಾನವನೇ ಹೊರತು ಕಾಲವಲ್ಲ. ಕಾಲ ಅಲ್ಲಿ ಸಾಕ್ಷಿ ಮಾತ್ರ.

ಎರಡನೆಯ ನೆಪ ಇದಕ್ಕಿಂತ ಧಾರ್ಮಿಕವಾದುದು, ಆದ್ದರಿಂದಲೇ ಹೆಚ್ಚು ಅಪಾಯಕಾರಿ. "ನನ್ನ ನಮಾಝ್, ನನ್ನ ಉಪವಾಸ, ನನ್ನ ಹಲಾಲ್ ಸಂಪಾದನೆ. ನಾನು ನೆಟ್ಟಗಿದ್ದರೆ ಸಾಕು. ಲೋಕದ ಉಸಾಬರಿ ನನಗೇಕೆ?" ಇದಕ್ಕೆ ಆಧಾರವಾಗಿ ಅಲ್‌ಮಾಇದಾ ಅಧ್ಯಾಯದ 105ನೇ ವಚನವನ್ನೂ ಮುಂದಿಡುವವರಿದ್ದಾರೆ. ನಿಮ್ಮ ಬಗ್ಗೆ ನೀವು ಚಿಂತಿಸಿರಿ, ನೀವು ಸನ್ಮಾರ್ಗದಲ್ಲಿದ್ದರೆ ದಾರಿ ತಪ್ಪಿದವನಿಂದ ನಿಮಗೆ ಹಾನಿಯಿಲ್ಲ ಎಂಬ ಅರ್ಥದ ವಚನವದು. ಈ ತಪ್ಪು ತಿಳಿವಳಿಕೆ ಇಂದಿನದಲ್ಲ. ಮೊದಲ ಖಲೀಫ ಅಬೂಬಕರ್(ರ)ರ ಕಾಲದಲ್ಲೇ ಅದು ತಲೆಯೆತ್ತಿತ್ತು. ಅವರು ಜನರ ಮುಂದೆ ನಿಂತು, ನೀವು ಈ ವಚನವನ್ನು ಓದುತ್ತೀರಿ, ಆದರೆ ಅದರ ಸ್ಥಾನದಲ್ಲಿಡದೆ ಓದುತ್ತೀರಿ ಎಂದು ಎಚ್ಚರಿಸಿದರು. ಜನರು ಅಕ್ರಮಿಯನ್ನು ಕಂಡೂ ಅವನ ಕೈ ಹಿಡಿಯದಿದ್ದರೆ ಅಲ್ಲಾಹನ ಶಿಕ್ಷೆ ಎಲ್ಲರನ್ನೂ ಆವರಿಸುವ ಸಂಭವವಿದೆಯೆಂದು ಪ್ರವಾದಿ(ಸ)ರಿಂದ ತಾವೇ ಕೇಳಿರುವುದಾಗಿ ತಿಳಿಸಿದರು. ಸನ್ಮಾರ್ಗದಲ್ಲಿರುವುದು ಎಂಬುದರೊಳಗೇ ಕೆಡುಕನ್ನು ತಡೆಯುವ ಹೊಣೆ ಅಡಗಿದೆ. ಹೊಣೆಯನ್ನು ಕಳಚಿಟ್ಟವನು ಸನ್ಮಾರ್ಗದಲ್ಲಿ ಇದ್ದಾನೆಂದು ಹೇಳುವುದಾದರೂ ಹೇಗೆ? ಅಲ್‌ಮಾಊನ್ ಅಧ್ಯಾಯವು ನಮಾಝ್ ಮಾಡುವವರಿಗೇ ವಿನಾಶದ ಎಚ್ಚರಿಕೆ ನೀಡುತ್ತದೆ. ತಮ್ಮ ನಮಾಝಿನ ಬಗ್ಗೆ ಅಲಕ್ಷ್ಯ ತೋರುವ, ತೋರಿಕೆಗಾಗಿ ನಮಾಝ್ ಮಾಡುವ ಅವರು ದಿನಬಳಕೆಯ ಸಣ್ಣ ವಸ್ತುವನ್ನೂ ಇನ್ನೊಬ್ಬರಿಗೆ ಕೊಡದವರು.

ಮೂರನೆಯ ನೆಪ ನಮ್ಮ ಸಮುದಾಯಕ್ಕೆ ವಿಶೇಷವಾದುದು. "ನಾವೇ ಅನ್ಯಾಯಕ್ಕೊಳಗಾದವರು. ನಮ್ಮ ಮೇಲೆಯೇ ದಿನಕ್ಕೊಂದು ಆರೋಪ. ನಾವು ಇತರರಿಗಾಗಿ ಏನು ಮಾಡಲು ಸಾಧ್ಯ?" ಈ ಮಾತಿನಲ್ಲಿ ನೋವಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕವಾಡಿಗರಹಟ್ಟಿಯ ಜನರ ನೋವಿಗೆ ನಮ್ಮ ಜುಮುಅ ಖುತ್ಬಾಗಳಲ್ಲಿ ಎಷ್ಟು ಕಡೆ ಜಾಗ ಸಿಕ್ಕಿತೆಂದು ಕೇಳಿಕೊಳ್ಳೋಣ. ಗಾಝಾದ ನೀರಿಲ್ಲದ ಮಕ್ಕಳಿಗಾಗಿ ನಾವು ಕಣ್ಣೀರಿಟ್ಟು ಪ್ರಾರ್ಥಿಸುತ್ತೇವೆ, ಪ್ರಾರ್ಥಿಸಲೇಬೇಕು. ಆದರೆ ನಮ್ಮದೇ ಜಿಲ್ಲೆಯಲ್ಲಿ ವಿಷವಾದ ನೀರು ಕುಡಿದು ಸತ್ತವರಿಗಾಗಿ ನಮ್ಮ ಕೈಗಳು ಎತ್ತಲ್ಪಡದಿದ್ದರೆ, ನಾವು ವಿರೋಧಿಸುತ್ತಿರುವುದು ಅನ್ಯಾಯವನ್ನೋ, ಅಥವಾ ನಮ್ಮವರ ಮೇಲಿನ ಅನ್ಯಾಯವನ್ನು ಮಾತ್ರವೋ? ಇವೆರಡೂ ಒಂದಲ್ಲ. ಮೊದಲನೆಯದು ಧರ್ಮ. ಎರಡನೆಯದು ಬರೀ ಕುಲಾಭಿಮಾನ.

ಪ್ರವಾದಿತ್ವ ಲಭಿಸುವ ಮುನ್ನ, ಯೌವನದಲ್ಲಿ, ಮುಹಮ್ಮದ್(ಸ)ರು ಹಿಲ್ಫುಲ್ ಫುದೂಲ್ ಎಂಬ ಒಪ್ಪಂದದಲ್ಲಿ ಪಾಲ್ಗೊಂಡಿದ್ದರು. ಯಮನ್ ಕಡೆಯಿಂದ ಬಂದ ಒಬ್ಬ ವ್ಯಾಪಾರಿಗೆ ಮಕ್ಕಾದ ಪ್ರಬಲನೊಬ್ಬ ಸರಕಿನ ಹಣ ಕೊಡದೆ ವಂಚಿಸಿದ್ದೇ ಅದಕ್ಕೆ ಕಾರಣ. ಆ ವ್ಯಾಪಾರಿ ಪರವೂರಿನವನು, ಮಕ್ಕಾದಲ್ಲಿ ಅವನಿಗೆ ಬಂಧುಗಳಿರಲಿಲ್ಲ. ವಂಚಿಸಿದವನು ಕುರೈಶರವನೇ. ಒಪ್ಪಂದದಲ್ಲಿ ಸೇರಿದವರಲ್ಲಿ ಯಾರೂ ಆಗ ಮುಸ್ಲಿಮರಲ್ಲ. ಆದರೂ ಪ್ರವಾದಿ(ಸ)ರು ಮುಂದೆ ಮದೀನಾದಲ್ಲಿ ಅದನ್ನು ಅಭಿಮಾನದಿಂದ ಸ್ಮರಿಸಿ, ಇಸ್ಲಾಮಿನ ಕಾಲದಲ್ಲೂ ಅಂಥದ್ದಕ್ಕೆ ಕರೆದರೆ ಓಗೊಡುವೆನೆಂದು ಹೇಳಿದರು. ಪೀಡಿತನು ಯಾವ ಕುಲದವನೆಂದು ಕೇಳದೆ, ಪೀಡಕನು ನಮ್ಮವನೆಂದು ಹಿಂಜರಿಯದೆ ನಿಲ್ಲುವುದೇ ಆ ಒಪ್ಪಂದದ ತಿರುಳು. ಅಂತಹ ಒಪ್ಪಂದಕ್ಕೆ ಇಂದು ಚಿತ್ರದುರ್ಗದಲ್ಲಿ, ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಸಹಿ ಹಾಕುವವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನು, ನಾವೆಲ್ಲರೂ ಕೇಳಿರುವ ಹಡಗಿನ ಉಪಮೆಯನ್ನು ನೆನಪಿಸಿಕೊಳ್ಳೋಣ. ಪ್ರವಾದಿ(ಸ)ರು ಹೇಳಿದಂತೆ, ಒಂದು ಹಡಗಿನ ಪ್ರಯಾಣಿಕರಲ್ಲಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳ ಅಂತಸ್ತು ದೊರೆಯಿತು. ಕೆಳಗಿನವರು ನೀರಿಗಾಗಿ ಮೇಲಿನವರ ನಡುವೆ ಹಾದುಹೋಗಬೇಕಿತ್ತು. ಅವರಿಗೆ ತೊಂದರೆ ಕೊಡುವುದೇಕೆಂದು ತಮ್ಮ ಪಾಲಿನ ಜಾಗದಲ್ಲೇ ರಂಧ್ರ ಕೊರೆಯಲು ಯೋಚಿಸಿದರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುವರು, ತಡೆದರೆ ಎಲ್ಲರೂ ಉಳಿಯುವರು. ನಮ್ಮ ಪ್ರವಚನಗಳಲ್ಲಿ ಕೊರೆಯಹೊರಟವನೇ ಅಪರಾಧಿ. ಆದರೆ ಕಥೆ ಎಲ್ಲಿಂದ ಆರಂಭವಾಗುತ್ತದೆಂದು ಗಮನಿಸಿದ್ದೀರಾ? ನೀರಿನಿಂದ. ಕೆಳಗಿದ್ದವರಿಗೆ ನೀರು ಸುಲಭವಾಗಿ ಸಿಗುತ್ತಿರಲಿಲ್ಲ, ಮೇಲಿದ್ದವರಿಗೆ ಸಿಗುತ್ತಿತ್ತು. ಮೇಲಿನವರು ಒಂದು ಕೊಡ ನೀರನ್ನು ತಾವೇ ಕೆಳಗಿಳಿಸಿದ್ದರೆ ಕೊರೆಯುವ ಯೋಚನೆಯೇ ಹುಟ್ಟುತ್ತಿರಲಿಲ್ಲವೇನೋ ಎಂದು ಈ ಉಪಮೆಯನ್ನು ಓದುವಾಗಲೆಲ್ಲ ನನಗನಿಸುತ್ತದೆ. ಕೊರೆಯುವವನ ಕೈ ಹಿಡಿಯುವುದು ನಮ್ಮ ಹೊಣೆ. ಅವನ ಬಾಯಾರಿಕೆಯನ್ನು ಕೇಳುವುದೂ ನಮ್ಮ ಹೊಣೆಯೇ.

ಈ ಉಪಮೆ ನಮ್ಮ ಜಿಲ್ಲೆಗೆ ಬರೀ ಉಪಮೆಯಲ್ಲ. ಇಲ್ಲಿ ನಾವು ಅಕ್ಷರಶಃ ಕೊರೆಯುತ್ತಲೇ ಇದ್ದೇವೆ. ನನ್ನ ಜಮೀನು, ನನ್ನ ಹಣ, ನನ್ನ ಬೋರ್‌ವೆಲ್ ಎಂದು ಒಬ್ಬರಿಗಿಂತ ಒಬ್ಬರು ಆಳಕ್ಕೆ ಇಳಿಸಿದೆವು. ಪಕ್ಕದ ಬಡವನ ಬಾವಿ ಬತ್ತಿತು. ಬರಗಾಲದ ವರ್ಷಗಳಲ್ಲಿ ಹಿರಿಯೂರು, ಹೊಸದುರ್ಗದ ತೆಂಗಿನ ತೋಟಗಳು ಸುಳಿ ಒಣಗಿ ನಿಂತವು. ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಹಣವಿದ್ದವನು ಶುದ್ಧ ನೀರಿನ ಕ್ಯಾನ್ ತರಿಸಿಕೊಂಡ. ಇಲ್ಲದವನ ಮಗುವಿನ ಹಲ್ಲು ಕಂದಿತು, ಮುದುಕಿಯ ಮೂಳೆ ಬಾಗಿತು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರ ನಂತರ, 89 ವರ್ಷಗಳ ಬಳಿಕ, 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲ ಕುಟುಂಬ ಸಮೇತ ಹೋಗಿ ನೋಡಿ ಹರ್ಷಿಸಿದೆವು. ಅದರ ಮರುವರ್ಷವೇ ಕವಾಡಿಗರಹಟ್ಟಿಯ ದುರಂತ ನಡೆಯಿತು. ಮೋಡ ತನ್ನ ಕೆಲಸ ಮಾಡಿತ್ತು. ನೀರು ಜಿಲ್ಲೆಯಲ್ಲಿತ್ತು. ಅದನ್ನು ಶುದ್ಧವಾಗಿ ಒಬ್ಬ ಬಡವಿಯ ಕೊಡದವರೆಗೆ ತಲುಪಿಸುವ ಮನುಷ್ಯರ ಸರಪಳಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿತ್ತು.

"ನಾನೊಬ್ಬನೇ ಏನು ಮಾಡಲಿ?" ಇದು ನಾಲ್ಕನೆಯ ನೆಪ, ಎಲ್ಲಕ್ಕಿಂತ ವಿನಯದ ವೇಷ ತೊಟ್ಟದ್ದು. ಇದಕ್ಕೆ ಉತ್ತರವನ್ನು ನಾನು ಒಳ್ಳೆಯವರ ಚರಿತ್ರೆಯಿಂದಲ್ಲ, ಕೆಡುಕಿನ ಚರಿತ್ರೆಯಿಂದ ಮೊದಲು ಕೊಡುತ್ತೇನೆ. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಮರುತಿಂಗಳು ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಅಕ್ರಮ ಹೇಗೆ ನಡೆಯಿತು? ಕೆಲವು ದೊಡ್ಡ ಹೆಸರುಗಳಿಂದ ಮಾತ್ರವೇ? ಇಲ್ಲ. ಪರವಾನಗಿ ಇಲ್ಲದ ಅದಿರಿಗೆ ಪರವಾನಗಿ ಬರೆದ ಒಬ್ಬ, ಮಿತಿಗಿಂತ ಹೆಚ್ಚು ತೂಕ ತುಂಬಿದ ಒಬ್ಬ, ಲಾರಿ ಬಾಡಿಗೆಗೆ ಕೊಟ್ಟ ಒಬ್ಬ, ತಪಾಸಣಾ ಗೇಟಿನಲ್ಲಿ ಕಣ್ಣು ಮುಚ್ಚಿದ ಒಬ್ಬ, ಬಂದರಿನಲ್ಲಿ ಮುದ್ರೆ ಒತ್ತಿದ ಒಬ್ಬ. ಪ್ರತಿಯೊಬ್ಬನೂ ನಾನೊಬ್ಬನೇ ಏನು ಮಾಡಲಿ, ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ ಎಂದೇ ತನಗೆ ತಾನು ಹೇಳಿಕೊಂಡಿರಬೇಕು. ಹೊಳಲ್ಕೆರೆ ಭಾಗದ ರಸ್ತೆಬದಿಯ ಮನೆಗಳ ಮೇಲೆ ಕುಳಿತ ಕೆಂಪು ಧೂಳು ಹೀಗೆ ಒಬ್ಬೊಬ್ಬನ ಕೈಯಿಂದ ಹಾರಿದ ಧೂಳು. ಕೆಡುಕು ನಡೆಯಲು ಒಬ್ಬೊಬ್ಬನೂ ಬೇಕಿದ್ದಾನೆಂದ ಮೇಲೆ, ಒಳಿತಿಗೆ ಮಾತ್ರ ಒಬ್ಬೊಬ್ಬನೂ ನಿಷ್ಪ್ರಯೋಜಕನಾಗುವುದು ಹೇಗೆ?

ಒಳಿತಿನ ಉದಾಹರಣೆಗೂ ದೂರ ಹೋಗಬೇಕಿಲ್ಲ. 1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಅದರ ಮುಂದಾಳುಗಳಲ್ಲಿದ್ದರು. ಹೆಂಡ ಇಳಿಸುವ ಮರಗಳು, ಅವುಗಳಿಂದ ಸರಕಾರಕ್ಕೆ ಬರುವ ಆದಾಯ, ಆ ಆದಾಯದ ಹಿಂದೆ ಬಡವರ ಮನೆಗಳ ಗೋಳು. ಹಳ್ಳಿಯ ಜನ ಕೊಡಲಿ ಹಿಡಿದು ಹೊರಟಾಗ, ಒಂದು ಮರ ಉರುಳಿದರೆ ಸಾಮ್ರಾಜ್ಯ ಉರುಳುವುದೇ ಎಂದು ನಕ್ಕವರೂ ಇದ್ದಿರಬೇಕು. ಒಂದು ಮರದಿಂದ ಸಾಮ್ರಾಜ್ಯ ಉರುಳಲಿಲ್ಲ. ಆದರೆ ಕೊಡಲಿ ಹಿಡಿದವನೊಳಗಿನ ಭಯ ಅಂದು ಉರುಳಿತು. ಎಂಟು ವರ್ಷಗಳಲ್ಲಿ ಉಳಿದದ್ದೂ ಉರುಳಿತು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯನ್ನು ನೋಡಿ. ನಮ್ಮ ನಂಬಿಕೆ ಬೇರೆ, ಅವರ ನಂಬಿಕೆ ಬೇರೆ. ಆದರೆ ಒಂದು ಸಣ್ಣ ಹಳ್ಳಿಯ ಮಠದಿಂದ ಪಂಡಿತಾರಾಧ್ಯ ಶಿವಾಚಾರ್ಯರು ಶಿವಸಂಚಾರ ನಾಟಕ ತಂಡವನ್ನು ಎರಡು ದಶಕಗಳಿಗೂ ಮೇಲ್ಪಟ್ಟು ನಾಡಿನ ಊರೂರಿಗೆ ಕಳುಹಿಸುತ್ತಾ ಬಂದಿದ್ದಾರೆ. ತಾವು ಬೆಂಗಳೂರಿನಲ್ಲಿಲ್ಲ, ತಮ್ಮ ಕೈಯಲ್ಲಿ ಅಧಿಕಾರವಿಲ್ಲ ಎಂದು ಅವರು ಕಾಯುತ್ತಾ ಕೂರಲಿಲ್ಲ. ಒಳಿತನ್ನು ಯಾರಿಂದ ಕಂಡರೂ ಅದನ್ನು ಒಳಿತೆಂದು ಒಪ್ಪುವುದು ನ್ಯಾಯ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನೂ ಸರಿಪಡಿಸಬೇಕಿದೆ. ಒಂದು ಜನಾಂಗವು ತನ್ನೊಳಗಿನದನ್ನು ಬದಲಿಸಿಕೊಳ್ಳದ ಹೊರತು ಅಲ್ಲಾಹನು ಅದರ ಸ್ಥಿತಿಯನ್ನು ಬದಲಿಸುವುದಿಲ್ಲವೆಂಬ ಅರ್ರಅದ್ ಅಧ್ಯಾಯದ 11ನೇ ವಚನದ ಬೋಧನೆ ನಮಗೆಲ್ಲ ಬಾಯಿಪಾಠ. ಇತ್ತೀಚೆಗೆ ಅದನ್ನು ಬಡವರ ತಲೆಯ ಮೇಲೆ ಹೊಡೆಯಲು ಬಳಸುವವರಿದ್ದಾರೆ. ನೀನು ಬದಲಾಗು, ಕಷ್ಟಪಡು, ಮೇಲೆ ಬಾ ಎಂಬ ಉಪದೇಶ. ಕವಾಡಿಗರಹಟ್ಟಿಯ ತಾಯಿ ತನ್ನೊಳಗಿನ ಏನನ್ನು ಬದಲಿಸಿಕೊಂಡಿದ್ದರೆ ಆ ನೀರು ಶುದ್ಧವಾಗುತ್ತಿತ್ತು? ವಚನವು ಒಬ್ಬ ವ್ಯಕ್ತಿಯ ಬಗ್ಗೆ ಹೇಳುತ್ತಿಲ್ಲ, ಒಂದು ಜನಾಂಗದ ಬಗ್ಗೆ ಹೇಳುತ್ತಿದೆ. ಜನಾಂಗದೊಳಗೆ ಇರುವುದೆಂದರೆ ಸುಖವಾಗಿರುವವರ ನಿರ್ಲಕ್ಷ್ಯ, ಬಲ್ಲವರ ಭಯ, ಅಧಿಕಾರವಿರುವವರ ದುರಾಸೆ. ಮೊದಲು ಬದಲಾಗಬೇಕಾದುದು ಅದು. ವೈಯಕ್ತಿಕ ಹೊಣೆಗಾರಿಕೆ ಎಂಬುದು ಸರಕಾರಕ್ಕೆ ಕೊಡುವ ರಿಯಾಯಿತಿಯಲ್ಲ. ಸರಕಾರವನ್ನು ಪ್ರಶ್ನಿಸುವುದೇ ಆ ಹೊಣೆಯ ಒಂದು ಭಾಗ. ಗ್ರಾಮಸಭೆಗೆ ಹೋಗದೆ, ನೀರಿನ ಪರೀಕ್ಷಾ ವರದಿಯನ್ನು ಕೇಳದೆ, ಒಂದು ಅರ್ಜಿಯನ್ನೂ ಬರೆಯದೆ, ಮತದ ಹಿಂದಿನ ರಾತ್ರಿ ಲಕೋಟೆ ಸ್ವೀಕರಿಸಿದವನು ಸರಕಾರವನ್ನು ಬಯ್ಯುವಾಗ ಅವನ ಬೆರಳು ತನ್ನ ಕಡೆಗೇ ತಿರುಗಿರುತ್ತದೆ.

ಈ ಮಾತುಗಳನ್ನು ನಾನು ಎತ್ತರದ ಮಿಂಬರ್ ಮೇಲೆ ನಿಂತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಮನೆಯ ಖಾತೆ ಬದಲಾವಣೆಗಾಗಿ ತಿಂಗಳುಗಟ್ಟಲೆ ಅಲೆದು, ಕೊನೆಗೆ ನಾನೂ ಲಂಚ ಕೊಟ್ಟೆ. ಕೆಲಸ ಅಂದೇ ಆಯಿತು. ಹೊರಬರುವಾಗ ಬಾಗಿಲ ಬಳಿ ಒಬ್ಬ ವೃದ್ಧೆ ವಿಧವಾ ವೇತನದ ಕಾಗದ ಹಿಡಿದು ಕುಳಿತಿದ್ದಳು. ನಾನು ಬಂದಾಗಲೆಲ್ಲ ಆಕೆ ಅಲ್ಲೇ ಇರುತ್ತಿದ್ದಳು. ಕೊಡಲು ಆಕೆಯ ಬಳಿ ಹಣವಿರಲಿಲ್ಲ. ನಾನು ಕೊಟ್ಟ ಹಣವೇ ಆಕೆಯ ಕಾಗದವನ್ನು ಇನ್ನಷ್ಟು ಕೆಳಗೆ ತಳ್ಳಿತೆಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಲಂಚ ಕೊಟ್ಟವನು, ಪಡೆದವನು ಇಬ್ಬರೂ ಶಾಪಗ್ರಸ್ತರೆಂಬ ಪ್ರವಾದಿವಚನವನ್ನು ನಾನು ಮದರಸಾದಲ್ಲೇ ಕಲಿತಿದ್ದೆ. ಆದರೆ ಅದರ ಅರ್ಥ ತಿಳಿದದ್ದು ಆ ಮುಖ ನೆನಪಾದಾಗ. ನನಗೆ ಅನ್ಯಾಯವಾಗಿದೆ ಎಂದುಕೊಂಡಿದ್ದವನು ನಾನು. ಆ ದಿನ ನಾನೇ ಅನ್ಯಾಯದ ಒಂದು ಕೊಂಡಿಯಾಗಿದ್ದೆ.

ಆದ್ದರಿಂದ ನಮ್ಮ ಮನೆಯಿಂದಲೇ, ನಮ್ಮ ಮೊಹಲ್ಲಾದಿಂದಲೇ ಲೆಕ್ಕ ಆರಂಭವಾಗಲಿ. ನಮ್ಮ ಮಸೀದಿಯಲ್ಲಿ ಬೋರ್‌ವೆಲ್ ಇದೆ, ವುಝೂ ಮಾಡಲು ಸಾಲು ನಲ್ಲಿಗಳಿವೆ. ಹರಿಯುವ ನದಿಯ ದಡದಲ್ಲಿದ್ದರೂ ನೀರನ್ನು ಪೋಲು ಮಾಡಬಾರದೆಂಬ ಬೋಧನೆಯನ್ನು ಬರಪೀಡಿತ ಜಿಲ್ಲೆಯ ನಾವು ಹೇಗೆ ಪಾಲಿಸುತ್ತಿದ್ದೇವೆ? ಮಸೀದಿಯ ಕಾಂಪೌಂಡಿನ ಹೊರಗೆ, ಯಾವ ಜಾತಿ ಧರ್ಮದವರಾದರೂ ಬಂದು ಕೊಡ ತುಂಬಿಸಿಕೊಳ್ಳಬಹುದಾದ ಒಂದು ನಲ್ಲಿ ಇದೆಯೇ? ಮದೀನಾದಲ್ಲಿ ರೂಮಾ ಬಾವಿಯ ನೀರು ಹಣಕ್ಕೆ ಮಾರಾಟವಾಗುತ್ತಿದ್ದಾಗ ಉಸ್ಮಾನ್(ರ)ರು ತಮ್ಮ ಸ್ವಂತ ಹಣದಿಂದ ಅದನ್ನು ಖರೀದಿಸಿ ಜನರಿಗೆ ಬಿಟ್ಟುಕೊಟ್ಟರು. ಒಬ್ಬರೇ ಮಾಡಿದ ಕೆಲಸವದು. ನಮ್ಮಲ್ಲಿ ಮದುವೆಯ ಒಂದು ರಾತ್ರಿಯ ಮಂಟಪಕ್ಕೆ, ದೀಪಾಲಂಕಾರಕ್ಕೆ ಸುರಿಯುವ ಹಣದಲ್ಲಿ ಒಂದು ಕೇರಿಗೆ ನೀರಿನ ಶುದ್ಧೀಕರಣ ಘಟಕ ಬರುವುದಿಲ್ಲವೇ? ವರದಕ್ಷಿಣೆ ಪಡೆದ ವರನ ನಿಕಾಹ್‌ಗೆ ಹಾಜರಾಗಿ ಬಿರಿಯಾನಿ ಉಂಡು ಬಂದು, ಸಮಾಜದಲ್ಲಿ ಅನ್ಯಾಯ ಹೆಚ್ಚಿದೆ ಎಂದು ತೇಗುವ ನಮ್ಮ ಬಗ್ಗೆ ಆ ಹುಡುಗಿಯ ತಂದೆ ಅಲ್ಲಾಹನ ಮುಂದೆ ಏನು ಹೇಳಬಹುದು?

ಕೆಡುಕನ್ನು ಕಂಡವನು ಕೈಯಿಂದ ತಡೆಯಲಿ, ಆಗದಿದ್ದರೆ ನಾಲಿಗೆಯಿಂದ, ಅದೂ ಆಗದಿದ್ದರೆ ಹೃದಯದಿಂದ ಎಂದು ಪ್ರವಾದಿ(ಸ)ರು ಕಲಿಸಿದರು. ಕೊನೆಯದನ್ನು ವಿಶ್ವಾಸದ ಅತ್ಯಂತ ದುರ್ಬಲ ಸ್ಥಿತಿಯೆಂದರು. ನಾವು ಈ ಮೂರು ಮೆಟ್ಟಿಲುಗಳನ್ನು ತಲೆಕೆಳಗಾಗಿಸಿದ್ದೇವೆ. ಹೃದಯದಲ್ಲಿ ಬೇಸರಪಟ್ಟು ಅಲ್ಲೇ ತೃಪ್ತರಾಗುತ್ತೇವೆ. ಹೆಚ್ಚೆಂದರೆ ಮೊಬೈಲಿನಲ್ಲಿ ಒಂದು ಸ್ಟೇಟಸ್ ಹಾಕಿ ನಾಲಿಗೆಯ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ. ಕೈಯನ್ನಂತೂ ಕಟ್ಟಿಯೇ ಇಟ್ಟಿದ್ದೇವೆ. ಹೃದಯದಲ್ಲಿ ನಿಜವಾಗಿ ಅಸಹ್ಯಪಟ್ಟವನು ಕನಿಷ್ಠ ಆ ಕೆಡುಕಿನಲ್ಲಿ ಪಾಲುದಾರನಾಗುವುದನ್ನಾದರೂ ನಿಲ್ಲಿಸುತ್ತಾನೆ. ಅದನ್ನೂ ನಿಲ್ಲಿಸದ ಬೇಸರವನ್ನು ವಿಶ್ವಾಸವೆಂದು ಕರೆಯಲು ನನಗೆ ಧೈರ್ಯವಿಲ್ಲ.

ಓದುಗರೇ, ಇದನ್ನು ಓದಿ ಮುಗಿಸಿದ ಮೇಲೆ ಲೋಕವನ್ನು ಬದಲಿಸಲು ಹೊರಡಬೇಡಿ. ನಿಮ್ಮ ಓಣಿಯಲ್ಲಿ ಬಹಳ ದಿನಗಳಿಂದ ಮುಚ್ಚಿರುವ ಒಂದು ಬಾಗಿಲು ಇರಬಹುದು. ಇಂದು ಸಂಜೆ ಹೋಗಿ ಅದನ್ನು ತಟ್ಟಿರಿ. ಅದು ಯಾರ ಮನೆ, ಯಾವ ಧರ್ಮ ಎಂದು ನೋಡಬೇಡಿರಿ. ನೆರೆಯವನ ಹಕ್ಕಿನ ಬಗ್ಗೆ ಜಿಬ್ರೀಲ್(ಅ)ರು ಎಷ್ಟು ಒತ್ತಿ ಹೇಳಿದರೆಂದರೆ, ಅವನನ್ನು ಆಸ್ತಿಗೆ ವಾರಸುದಾರನನ್ನಾಗಿ ಮಾಡಲಾಗುವುದೇನೋ ಎಂದು ಪ್ರವಾದಿ(ಸ)ರಿಗೆ ಅನಿಸಿತಂತೆ. ನಾಳೆ ನಿಮ್ಮ ಕೇರಿಯ ನೀರಿನ ಟ್ಯಾಂಕನ್ನು ಕಡೆಯದಾಗಿ ಎಂದು ತೊಳೆದರೆಂದು ವಿಚಾರಿಸಿರಿ. ಉತ್ತರ ಸಿಗದಿದ್ದರೆ ಬರೆದು ಕೇಳಿರಿ. ನಾಲ್ಕು ಜನರನ್ನು ಸೇರಿಸಿಕೊಂಡು ಮತ್ತೆ ಕೇಳಿರಿ. ಫಲಿತಾಂಶ ನಮ್ಮ ಕೈಯಲ್ಲಿಲ್ಲ. ಪ್ರಳಯದ ಗಳಿಗೆಯೇ ಬಂದು ನಿಂತರೂ ಕೈಯಲ್ಲಿರುವ ಸಸಿಯನ್ನು ನೆಟ್ಟುಬಿಡಬೇಕೆಂದು ಕಲಿಸಿದ ಪ್ರವಾದಿಯ ಅನುಯಾಯಿಗಳು ನಾವು. ಫಲ ಕಾಣದೆಂದು ನೆಡದಿರುವ ಅನುಮತಿ ನಮಗೆ ಇಲ್ಲ.

ನಾಳೆ ಪರಲೋಕದಲ್ಲಿ ನಮ್ಮನ್ನು ಲೋಕವೇಕೆ ನೆಟ್ಟಗಾಗಲಿಲ್ಲವೆಂದು ಕೇಳಲಾಗದು. ಆ ಭಾರವನ್ನು ಅಲ್ಲಾಹನು ಯಾರ ಮೇಲೂ ಹೊರಿಸಿಲ್ಲ. ನಮ್ಮನ್ನು ಕೇಳಲಾಗುವುದು ನಮ್ಮ ಕೈಗೆಟುಕುತ್ತಿದ್ದುದರ ಬಗ್ಗೆ. ಆಗ ಕಾಲ ಕೆಟ್ಟಿತ್ತು ಎಂಬ ಉತ್ತರ ನಡೆಯುವುದಿಲ್ಲ. ಕಾಲವೇ ಅಂದು ನಮ್ಮ ಎದುರು ಸಾಕ್ಷಿಯಾಗಿ ನಿಂತಿರಬಹುದು.